ಭರಣಿ ಮುಗಿಯುವ ತನಕ

ಮಲಪ್ರಭೆಯ ದಡದಲ್ಲಿ ಒಂದು ಆಶ್ರಮ. ಆಶ್ರಮ ಎಂದರೆ ಎರಡು ಕೋಣೆ, ಒಂದು ಒಲೆ, ಒಂದು ಬೇವಿನ ಮರ.

ಅಲ್ಲಿದ್ದ ಗುರು ಜಪಾನಿನವರು. ಹೆಸರು ಗೆನ್‌ಕೈ. ನಲವತ್ತು ವರ್ಷದ ಹಿಂದೆ ಹೊಳೆಯ ಗುಂಟ ನಡೆಯುತ್ತ ಬಂದವರು, ಕಾಲು ನೋಯಿತೆಂದು ಒಂದು ಕಡೆ ಕೂತರು. ಅಲ್ಲಿಯೇ ಉಳಿದರು. ಊರವರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಗೆಂಕಪ್ಪಜ್ಜ ಎಂದರು. ಅವರು ತಿದ್ದಲಿಲ್ಲ.

ಶಿಷ್ಯ ಒಬ್ಬನೇ. ಅಡಿವೆಪ್ಪ. ಐವತ್ತು ದಾಟಿದವನು. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದ್ದ. ಖಾನಾವಳಿ ಮುಚ್ಚಿತು. ಅವನಿಗೆ ಮನೆ ಇರಲಿಲ್ಲ. ಮದುವೆಯೂ ಆಗಿರಲಿಲ್ಲ. ಇಲ್ಲಿಗೆ ಬಂದ.

ಬಂದ ದಿನ ಗುರು ಕೇಳಿದರು, “ಏನು ಬೇಕು?”

“ಜ್ಞಾನ ಬೇಕ್ರಿ ಅಜ್ಜಾರ.”

“ಏನು ಬರುತ್ತದೆ?”

“ಸಾರು ಮಾಡಾಕ ಬರ್ತೈತ್ರಿ.”

“ಹಾಗಾದರೆ ಸಾರು ಮಾಡು.”

ಗುರುಗಳ ಬೆಳಗಿನ ಊಟ ಒಂದೇ ಬಗೆ. ಒಂದು ಹಿಡಿ ಅನ್ನ, ಒಂದು ಬಟ್ಟಲು ಮಿಸೊ ಸಾರು.

ಮಿಸೊ ಜಪಾನಿನವರ ಮನೆಮನೆಯ ಪದಾರ್ಥ. ಸೋಯಾ ಕಾಳನ್ನು ಬೇಯಿಸಿ ಅರೆಯುತ್ತಾರೆ. ಬೂಸ್ಟು ಬರಿಸಿದ ಅಕ್ಕಿ ಮತ್ತು ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತುತ್ತಾರೆ. ಮೇಲೆ ಕಲ್ಲು ಹೇರಿ ಒಂದು ವರ್ಷ ಬಿಡುತ್ತಾರೆ. ಆಮೇಲೆ ನೋಡಿದರೆ ಹುಣಸೆ ತೊಕ್ಕಿನ ಹಾಗೆ ಕಂದಾಗಿರುತ್ತದೆ. ಗುರು ಪ್ರತಿ ಚಳಿಗಾಲ ಒಂದು ಭರಣಿ ಹಾಕುತ್ತಿದ್ದರು. ಬೂಸ್ಟಿನ ಬೀಜವನ್ನೂ ಕಡಲ ಪಾಚಿಯ ಒಣ ಪಟ್ಟಿಗಳನ್ನೂ ಅವರ ತಂಗಿ ಫುಮಿ ಜಪಾನಿನಿಂದ ಅಂಚೆಯಲ್ಲಿ ಕಳಿಸುತ್ತಿದ್ದಳು.

ಮೊದಲ ದಿನ ಅಡಿವೆಪ್ಪ ಮೂಲಂಗಿ, ಗಜ್ಜರಿ, ಪಾಲಕ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದ. ಮಿಸೊ ಹಾಕಿ ಕೊತಕೊತ ಕುದಿಸಿದ. ಮೇಲೆ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟ. ಹೊಳೆಯ ತನಕ ವಾಸನೆ ಹೋಯಿತು.

ಗುರು ಒಂದು ಹನಿ ಬಿಡದೆ ಕುಡಿದರು.

“ಸಾರು ಚೆನ್ನಾಗಿದೆ,” ಎಂದರು. “ಮಿಸೊ ಎಲ್ಲಿ?”

“ಅದರಾಗ ಹಾಕೀನ್ರೆಲ್ಲ.”

“ಹಾಕಿದ್ದು ಗೊತ್ತು. ಎಲ್ಲಿ ಹೋಯಿತು?”

ಅಡಿವೆಪ್ಪನಿಗೆ ಸಿಟ್ಟು ಬಂತು. ಅವನ ಸಾರಿಗೆ ಹುಬ್ಬಳ್ಳಿಯಲ್ಲಿ ಜನ ಸಾಲುಗಟ್ಟುತ್ತಿದ್ದರು.

ಮರುದಿನ ಒಗ್ಗರಣೆ ಬಿಟ್ಟ. ಕುದಿಸುವುದನ್ನು ಬಿಡಲಿಲ್ಲ.

ಗುರು ಒಲೆಯ ಬಳಿ ಬಂದರು. ಉರಿಯುವ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿದರು.

“ಮಿಸೊ ಹಾಕುವುದು ಈಗ.”

“ಒಲಿ ಆರಿಸಿ ಹಾಕೋದ್ರಿ? ಕುದಿಲಿಲ್ಲಂದ್ರ ಹಸಿ ವಾಸನಿ ಹೋಗಂಗಿಲ್ರಿ.”

“ಹೋಗಬೇಕು ಅಂದವರು ಯಾರು?”

ಅಡಿವೆಪ್ಪ ಸೌಟನ್ನು ಅವರ ಮುಂದೆ ಹಿಡಿದ.

ಗುರು ಸೌಟಿನಲ್ಲಿ ಒಂದಿಷ್ಟು ಮಿಸೊ ತೆಗೆದುಕೊಂಡರು. ಪಾತ್ರೆಯ ಬಿಸಿನೀರನ್ನು ಸ್ವಲ್ಪ ಸೌಟಿಗೆ ಬಿಟ್ಟುಕೊಂಡರು. ಚಮಚದ ಬೆನ್ನಿನಿಂದ ಮೆಲ್ಲಗೆ ತಿಕ್ಕಿ ಕರಗಿಸಿದರು. ಆಮೇಲೆ ಪಾತ್ರೆಗೆ ವಾಲಿಸಿದರು.

“ಇದರಲ್ಲಿ ಜೀವ ಇದೆ,” ಎಂದರು. “ಕುದಿಸಿದರೆ ಉಪ್ಪು ಮಾತ್ರ ಉಳಿಯುತ್ತದೆ.”

ಮೂರನೆಯ ದಿನ ಅಡಿವೆಪ್ಪ ಒಲೆ ಆರಿಸಿ ಮಿಸೊ ಹಾಕಿದ. ತರಕಾರಿ ಮಾತ್ರ ಮತ್ತೆ ಒಟ್ಟಿಗೇ ಬಿದ್ದಿತ್ತು.

ಗುರು ಬಟ್ಟಲಿನಿಂದ ಒಂದು ಹೋಳು ಮೂಲಂಗಿ ತೆಗೆದು ಅವನ ಅಂಗೈಯಲ್ಲಿಟ್ಟರು. ಕಚ್ಚಿದರೆ ಕರಕ್ಕೆಂದಿತು. ಮತ್ತೊಂದು ಅಂಗೈಯಲ್ಲಿ ಪಾಲಕದ ಎಲೆ ಇಟ್ಟರು. ಮುಟ್ಟಿದರೆ ಹರಿಯಿತು.

“ಒಂದು ಇನ್ನೂ ಕಾಯುತ್ತಿದೆ,” ಎಂದರು. “ಒಂದು ಕಾದು ಸತ್ತಿದೆ.”

“ಮುನ್ನೂರು ಮಂದಿಗೆ ಹಿಂಗ ಮಾಡೀನ್ರಿ. ಯಾರೂ ಒಂದ್ ಮಾತು ಅಂದಿಲ್ಲ.”

“ಮುನ್ನೂರು ಮಂದಿ ಅವಸರದಲ್ಲಿದ್ದರು.”

ಅಂದಿನಿಂದ ಮೂಲಂಗಿ ಮೊದಲು ಬಿತ್ತು. ಗಜ್ಜರಿ ಆಮೇಲೆ. ಸೊಪ್ಪು ಕೊನೆಗೆ, ಕಟ್ಟಿಗೆ ಎಳೆಯುವ ಮುಂಚಿನ ಗಳಿಗೆಯಲ್ಲಿ. ಕಡಲ ಪಾಚಿಯನ್ನು ಹಿಂದಿನ ಸಂಜೆಯೇ ತಣ್ಣೀರಲ್ಲಿ ನೆನೆಹಾಕಿ, ನೀರು ಕುದಿಯುವ ಮೊದಲು ತೆಗೆಯುವುದನ್ನೂ ಕಲಿತ. ಕಲಿಯಲು ಒಂದು ವರ್ಷ ಹಿಡಿಯಿತು.

ಇನ್ನೊಂದು ಸಂಗತಿಯಿತ್ತು.

ಖಾನಾವಳಿಯ ಅಡುಗೆಯವನು ಎಲ್ಲರೂ ಉಂಡು ಎದ್ದ ಮೇಲೆ ಉಣ್ಣುತ್ತಾನೆ. ಒಲೆಯ ಪಕ್ಕದಲ್ಲಿ ನಿಂತು, ಪಾತ್ರೆಯಿಂದಲೇ. ಇಪ್ಪತ್ತಾರು ವರ್ಷ ಅಡಿವೆಪ್ಪ ಹಾಗೆಯೇ ಉಂಡಿದ್ದ. ಇಲ್ಲಿಯೂ ಮೊದಲ ವಾರ ಗುರುಗಳಿಗೆ ಬಡಿಸಿ ಒಲೆಯ ಬಳಿ ನಿಂತ.

ಎಂಟನೆಯ ದಿನ ಗುರು ಬಟ್ಟಲು ಮುಟ್ಟದೆ ಕೂತರು.

“ಆರತೈತ್ರಿ ಅಜ್ಜಾರ.”

“ಆರಲಿ.”

“ಏನಾತ್ರಿ? ಉಪ್ಪು ಕಡಿಮಿ ಆತೇನು?”

“ಎದುರಿಗೆ ಯಾರೂ ಇಲ್ಲ.”

ಅಡಿವೆಪ್ಪ ತನ್ನ ಬಟ್ಟಲು ತಂದು ಎದುರು ಕೂತ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನೆಲ ನೋಡುತ್ತ ಕುಡಿದ.

ಆಮೇಲೆ ರೂಢಿಯಾಯಿತು. ಇಬ್ಬರೂ ಮಾತಾಡುತ್ತಿರಲಿಲ್ಲ. ಗುರು ಸುರ್ ಎಂದು ಸದ್ದು ಮಾಡಿ ಕುಡಿಯುತ್ತಿದ್ದರು. ಅಡಿವೆಪ್ಪನೂ ಹಾಗೆಯೇ ಕುಡಿಯತೊಡಗಿದ. ದಿನದ ಉಳಿದ ಹೊತ್ತೆಲ್ಲ ಅವನು ಆ ಸದ್ದಿಗಾಗಿ ಕಾಯುತ್ತಿದ್ದ. ಜ್ಞಾನದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಹೀಗೆ ಮೂರು ವರ್ಷ.

ಮೂರನೆಯ ಚಳಿಗಾಲ ಬಂತು. ಸೋಯಾ ಕಾಳು ತಂದು ಅಡಿವೆಪ್ಪ ಹಸನು ಮಾಡಿಟ್ಟ.

“ನೆನಿ ಹಾಕ್ಲೇನ್ರಿ?”

“ಬೇಡ.”

“ಈ ವರ್ಷ ಭರಣಿ ಹಾಕೋದಿಲ್ರಿ?”

“ಇಲ್ಲ. ನಾನು ಹೋಗುತ್ತೇನೆ.”

“ಎಲ್ಲಿಗ್ರಿ?”

“ಊರಿಗೆ. ಫುಮಿ ಒಬ್ಬಳೇ ಇದ್ದಾಳೆ.”

ಅಡಿವೆಪ್ಪನ ಕೈಯಲ್ಲಿ ಮೊರ ಇತ್ತು. ಅದನ್ನು ಕೆಳಗಿಟ್ಟ.

“ಯಾವಾಗ್ರಿ?”

ಗುರು ಮೂಲೆಯ ಭರಣಿಯನ್ನು ತೋರಿಸಿದರು. ಹೋದ ವರ್ಷ ಹಾಕಿದ ಭರಣಿ, ಪ್ರತಿ ಸಲದ್ದಕ್ಕಿಂತ ಬಹಳ ಸಣ್ಣದು. ಅಂದೇ ಅದರ ಕಲ್ಲು ಇಳಿಸಿದ್ದರು.

“ಕೈಯಾರೆ ಹಾಕಿದ್ದು. ಬಿಟ್ಟು ಹೋಗುವುದಿಲ್ಲ. ದಿನಕ್ಕೆ ಎರಡು ಬಟ್ಟಲು. ಯುಗಾದಿಗೆ ಮುಗಿಯುತ್ತದೆ. ಮುಗಿದ ಮರುದಿನ ಹೊರಡುತ್ತೇನೆ. ಅವಳಿಗೂ ಹಾಗೆಯೇ ಬರೆದಿದ್ದೇನೆ.”

“ನಾನೂ ಒಬ್ಬಾಂವ ಆಗ್ತೀನ್ರಿ.”

“ಹೌದು,” ಎಂದರು ಗುರು.



ಖಾನಾವಳಿಯಲ್ಲಿ ಕಲಿತ ಒಂದು ವಿದ್ಯೆ ಅಡಿವೆಪ್ಪನ ಕೈಯಲ್ಲಿತ್ತು. ಮಧ್ಯಾಹ್ನ ಮಂದಿ ಹೆಚ್ಚಾದರೆ ಸಾರಿನ ಹಂಡೆಗೆ ಬಿಸಿನೀರು ಬೀಳುತ್ತದೆ. ಮೇಲೆ ಒಂದು ಚಿಟಿಕೆ ಉಪ್ಪು. ಉಣ್ಣುವವನಿಗೆ ತಿಳಿಯಬಾರದು. ಅದರಲ್ಲಿ ಅಡಿವೆಪ್ಪ ಪಳಗಿದ್ದ.

ಮರುದಿನ ಮಿಸೊ ತೆಗೆಯುವಾಗ ಚಮಚದ ಅಂಚಿನಲ್ಲಿ ಒಂದಿಷ್ಟನ್ನು ಭರಣಿಗೆ ಮರಳಿ ಒರೆಸಿದ. ಒಂದು ಚಿಟಿಕೆ ಉಪ್ಪು ಹಾಕಿದ.

ಗುರು ಕುಡಿದರು. ಬಟ್ಟಲು ತೊಳೆದಿಟ್ಟರು.

ಮುಂದಿನ ವಾರ ಇನ್ನಷ್ಟು ಒರೆಸಿದ. ಸಾರು ಸಪ್ಪಗಾಗದಿರಲೆಂದು ಉಳ್ಳಾಗಡ್ಡಿ ತಪ್ಪಲನ್ನು ಹೆಚ್ಚು ಹಾಕಿದ. ಗುರು ಕುಡಿದರು.

ಯುಗಾದಿ ಬಂತು. ಭರಣಿಯಲ್ಲಿ ಅರ್ಧ ಉಳಿದಿತ್ತು.

ಗುರು ಭರಣಿಯ ಕಡೆ ನೋಡಲೇ ಇಲ್ಲ. ಬೇವಿನ ಚಿಗುರನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡು ಹೊಳೆಯ ದಡಕ್ಕೆ ಹೋಗಿ ಕೂತರು.

ಆ ವಾರವೇ ಜಪಾನಿನಿಂದ ಒಂದು ಕಾಗದ ಬಂತು. ಅಡಿವೆಪ್ಪ ಅಂಚೆಯವನ ಕೈಯಿಂದ ಇಸಿದುಕೊಂಡು ಗುರುಗಳಿಗೆ ಕೊಟ್ಟ. ಅವರು ಬಿಡಿಸಿ ಓದುವಾಗ ಪಕ್ಕದಿಂದ ನೋಡಿದ. ಅವನಿಗೆ ಆ ಲಿಪಿ ಬಾರದು. ಆದರೂ ಅಕ್ಷರಗಳು ಅಚ್ಚುಕಟ್ಟಾಗಿ, ಮೇಲಿಂದ ಕೆಳಗೆ ದಾರ ಕಟ್ಟಿದ ಹಾಗೆ ಇಳಿದಿದ್ದವು.

“ಏನ್ ಬರದಾರ್ರಿ?”

“ಹಿಮ ಕರಗಿದೆಯಂತೆ.”

ಗುರು ಕಾಗದ ಮಡಿಚಿ ಅಂಗಿಯೊಳಗೆ ಇಟ್ಟುಕೊಂಡರು. ಮರುದಿನದ ಸಾರನ್ನೂ ಕುಡಿದರು.

ಬಸವ ಜಯಂತಿಯ ಹೊತ್ತಿಗೆ ಹೊಳೆ ಬತ್ತಿ ಗುಂಡಿಗಳಾದವು. ದಡದ ಪಟ್ಟಿಯಲ್ಲಿ ಕಾಯಿಪಲ್ಲೆ ಬೆಳೆಯುವ ಕಾಶವ್ವ ಆಶ್ರಮಕ್ಕೆ ದಿನ ಬಿಟ್ಟು ದಿನ ಮೂಲಂಗಿ, ಸೊಪ್ಪು ತಂದು ಕೊಡುತ್ತಿದ್ದಳು. ಬಾಯಿ ಜೋರು. ಅಂದು ಬೆಳಿಗ್ಗೆ ಬಂದವಳು ಬಿಸಿಲಿಗೆ ದಣಿದು ಕಟ್ಟೆಯ ಮೇಲೆ ಕೂತಳು.

“ಅಡಿವೆಪ್ಪಾ, ಒಂದ್ ಬಟ್ಟಲ ಕೊಡೋ. ಏನ್ ಕುಡೀತೀರಿ ಇಬ್ಬರೂ ದಿನಾ, ನಾನೂ ನೋಡ್ತೀನಿ.”

ಅಡಿವೆಪ್ಪ ಬೇಡವೆನ್ನಲಾರದೆ ಕೊಟ್ಟ. ಅವಳು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

“ಇದೇನೋ, ಮೂಲಂಗಿ ತೊಳದ ನೀರು? ಖಾನಾವಳಿ ಬುದ್ಧಿ ಬಿಡಲಿಲ್ಲ ನೋಡು ನೀ. ಮಂದಿ ಬಂದಂಗ ನೀರು ಸುರೀತೀಯಲ್ಲ, ಇಲ್ಲಿ ಯಾವ ಮಂದಿ ಬಂದಾರ? ನಾ ಒಬ್ಬಾಕಿ!”

ಅಡಿವೆಪ್ಪನ ಕಿವಿ ಕಾದವು. ಗುರುಗಳ ಕಡೆ ನೋಡಲಾಗಲಿಲ್ಲ.

ಗುರು ಬಟ್ಟಲನ್ನು ಎತ್ತಿ ಕೊನೆಯ ಗುಟುಕು ಕುಡಿದರು.

“ಬೇಸಿಗೆ,” ಎಂದರು. “ತೆಳ್ಳಗಿದ್ದರೆ ಒಳ್ಳೆಯದು.”

“ಅಜ್ಜಾರು ಪುಣ್ಯವಂತರು, ಏನು ಕೊಟ್ಟರೂ ಕುಡೀತಾರ,” ಎಂದು ಕಾಶವ್ವ ಬುಟ್ಟಿ ಎತ್ತಿಕೊಂಡು ಹೋದಳು.

ಅಡಿವೆಪ್ಪ ಉಸಿರು ಬಿಟ್ಟ. ಅಜ್ಜನಿಗೆ ವಯಸ್ಸಾಗಿದೆ, ನಾಲಿಗೆ ಸತ್ತಿದೆ ಎಂದುಕೊಂಡ. ಮರುದಿನದಿಂದ ಎರಡು ಬಟ್ಟಲಿಗೆ ಎರಡು ಚಮಚ ಹಾಕುವಲ್ಲಿ ಅರ್ಧ ಚಮಚಕ್ಕೆ ಇಳಿಸಿದ.

ಎರಡನೆಯ ಕಾಗದ ಬಂತು. ಈ ಸಲ ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಸಾಲು ಕಾಗದದ ಅಂಚಿಗೆ ಹೋಗಿ ಬಿದ್ದಿತ್ತು.

ಗುರು ಅದನ್ನು ಬಹಳ ಹೊತ್ತು ನೋಡಿದರು. ಅಡಿವೆಪ್ಪ ಈ ಸಲ ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬ ಅಂಜಿಕೆ.

ಮುಂಗಾರಿನ ಕಾರಹುಣ್ಣಿವೆಗೆ ಮೂರು ದಿನ ಇರುವಾಗ ಮೂರನೆಯದು ಬಂತು.

ಅಕ್ಷರಗಳು ನೆಟ್ಟಗಿದ್ದವು. ಆದರೆ ಬೇರೆ ಕೈ. ಲಿಪಿ ಬಾರದ ಅಡಿವೆಪ್ಪನಿಗೂ ಅದು ತಿಳಿಯಿತು. ಮೊದಲಿನ ಅಕ್ಷರ ಸಣ್ಣವು, ಇವು ದೊಡ್ಡವು.

“ಇದು ತಂಗ್ಯಾರು ಬರದದ್ದಲ್ಲ.”

“ಅಲ್ಲ. ಪಕ್ಕದ ಮನೆಯವರು.”

“ಯಾಕ್ರಿ?”

“ಅವಳಿಗೆ ಕಣ್ಣು ಕಾಣಿಸುವುದಿಲ್ಲ.”

ಬೇವಿನ ಹಣ್ಣು ಒಂದೊಂದೇ ನೆಲಕ್ಕೆ ಬೀಳುತ್ತಿತ್ತು. ಅಡಿವೆಪ್ಪ ನಿಂತೇ ಇದ್ದ.

“ಅಂದ್ರ, ಮುಂಜಾನಿ ಊಟಕ್ಕ ಅವರು ಏನ್ ಮಾಡ್ತಾರ್ರಿ?”

“ತಡವಿ ಮಡಕೆ ಸಿಕ್ಕಿದ ದಿನ ಸಾರು ಮಾಡುತ್ತಾಳೆ. ಕೈ ಕೊಯ್ದುಕೊಂಡಿದ್ದಾಳೆ. ಈಗ ತರಕಾರಿ ಹಾಕುವುದಿಲ್ಲವಂತೆ.”

“ಮತ್ತೇನಂತ?”

“ಭರಣಿಯಲ್ಲಿ ಎಷ್ಟು ಉಳಿದಿದೆ ಅಂತ ಕೇಳಿದ್ದಾಳೆ.”

ಅಡಿವೆಪ್ಪ ಗುರುಗಳ ಎದುರು ಕೂತ.

“ಅಜ್ಜಾರ, ನಾ ನೀರು ಹಾಕೀನ್ರಿ.”

“ಗೊತ್ತು.”

“ಅವತ್ತ ಕಾಶವ್ವ ಅಂದಾಗ ಗೊತ್ತಾತೇನ್ರಿ?”

“ಮೊದಲ ದಿನ. ಉಪ್ಪು ಹಾಕಿದೆಯಲ್ಲ, ಅವತ್ತು.”

ಅಡಿವೆಪ್ಪ ತಲೆ ಎತ್ತಿದ. ಐದು ತಿಂಗಳ ಮೇಲಾಗಿತ್ತು. ಪ್ರತಿ ದಿನ ಬೆಳಿಗ್ಗೆ ಎದುರಿಗೆ ಕೂತು ಕುಡಿದಿದ್ದರು.

“ಮತ್ತ ಯಾಕ್ ಅನ್ನಲಿಲ್ರಿ? ಒಂದ್ ಮಾತು ಬೈದಿದ್ರ ನಾ ಬಿಡ್ತಿದ್ನಲ್ರಿ.”

ಗುರು ಬಟ್ಟಲು ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆದರು.

“ನೀನು ನೀರು ಹಾಕಿದೆ,” ಎಂದರು. “ನಾನು ಕುಡಿದೆ.”

“ಅಂದ್ರ?”

“ನನಗೂ ಹೋಗಲು ಮನಸ್ಸಿರಲಿಲ್ಲ.”

ಅಡಿವೆಪ್ಪನಿಗೆ ಮೊದಲು ಸಂತೋಷವಾಯಿತು. ಆಮೇಲೆ ಆ ಸಂತೋಷಕ್ಕೇ ನಾಚಿಕೆಯಾಯಿತು. ಕಣ್ಣು ಕಾಣದ ಒಬ್ಬ ಮುದುಕಿ ಎಲ್ಲೋ ಒಂದು ಮಡಕೆಗಾಗಿ ಕೈ ಆಡಿಸುತ್ತಿದ್ದಳು.

“ಎಷ್ಟು ಉಳಿದಿದೆ?” ಗುರು ಕೇಳಿದರು.

ಅಡಿವೆಪ್ಪ ಭರಣಿ ತಂದು ಬಗ್ಗಿಸಿ ನೋಡಿದ. ತಳದಲ್ಲಿ ಒಂದು ಬೊಗಸೆ.

“ನಾ ಈಗ ಹಾಕೋ ಹಂಗ ಹಾಕಿದ್ರ, ಇನ್ನ ಮೂರು ವಾರದ ಮ್ಯಾಲ ಬರ್ತೈತ್ರಿ.”

“ಸರಿಯಾಗಿ ಹಾಕಿದರೆ?”

“ಆರು ದಿನ.”

ಗುರು ಬಟ್ಟಲನ್ನು ಬೋರಲು ಹಾಕಿದರು.

“ಅಜ್ಜಾರ, ನೀವು ಹೇಳ್ರಿ. ಎಷ್ಟು ಹಾಕ್ಲಿ?”

“ಅಡುಗೆ ನಿನ್ನದು.”

“ನಿಮ್ಮ ತಂಗಿ ಅದಾರ್ರಿ. ನೀವು ಹೇಳಬೇಕು.”

“ನಾನು ಐದು ತಿಂಗಳು ನೀರು ಕುಡಿದವನು. ನನ್ನನ್ನು ಕೇಳಬೇಡ.”

ಅವರು ಎದ್ದು ಹೊಳೆಯ ಕಡೆ ಹೋದರು. ಅವರ ಬೆನ್ನು ಬಾಗಿರುವುದನ್ನು ಅಡಿವೆಪ್ಪ ಅಂದು ನೋಡಿದ.

ಮರುದಿನ ಬೆಳಿಗ್ಗೆ ಮೂಲಂಗಿ ಬೆಂದಿತು. ಗಜ್ಜರಿ ಬೆಂದಿತು. ಸೊಪ್ಪು ಬಿತ್ತು. ಅಡಿವೆಪ್ಪ ಕಟ್ಟಿಗೆ ಎಳೆದ. ಕುದಿ ನಿಂತಿತು.

ಚಮಚವನ್ನು ಭರಣಿಗಿಳಿಸಿದ. ತುಂಬ ತೆಗೆದ.

ಅವನ ಹೆಬ್ಬೆರಳು ತನ್ನಷ್ಟಕ್ಕೆ ಅಂಚಿಗೆ ಹೋಯಿತು. ಎಷ್ಟೋ ದಿನದ ಅಭ್ಯಾಸ. ಅರ್ಧವನ್ನು ಒರೆಸಲು ಬೆರಳು ಕಾದು ನಿಂತಿತು.

ಅವನು ಬೆರಳು ತೆಗೆದ. ಚಮಚವನ್ನು ಹಾಗೆಯೇ ಸೌಟಿಗೆ ಸುರಿದ. ಇನ್ನೊಂದು ಚಮಚ ತೆಗೆದ. ಅದನ್ನೂ ಸುರಿದ. ಕರಗಿಸಿದ. ಪಾತ್ರೆಗೆ ವಾಲಿಸಿದ. ಮೋಡ ಕವಿದ ಹಾಗೆ ಮಿಸೊ ನೀರಲ್ಲಿ ಹರಡಿತು. ಆ ವಾಸನೆ ಅವನಿಗೆ ಮರೆತೇ ಹೋಗಿತ್ತು.

ಇಬ್ಬರೂ ಎದುರುಬದುರು ಕೂತರು.

ಗುರು ಒಂದು ಗುಟುಕು ಕುಡಿದರು. ಬಟ್ಟಲನ್ನು ಕೆಳಗಿಟ್ಟರು. ಅಡಿವೆಪ್ಪನನ್ನು ನೋಡಿದರು. ಮತ್ತೆ ಎತ್ತಿ ಪೂರ್ತಿ ಕುಡಿದರು.

ಅಂದೇ ಅವರು ತಂಗಿಗೆ ಬರೆದರು. ಪಕ್ಕದ ಮನೆಯವರು ಓದಿ ಹೇಳಲೆಂದು ದೊಡ್ಡ ಅಕ್ಷರದಲ್ಲಿ ಬರೆದರು. ಒಂದೇ ಸಾಲು.

“ಏನ್ ಬರದ್ರಿ?”

“ಆರು ದಿನ ಅಂತ.”

ಎರಡನೆಯ ದಿನ, ಮೂರನೆಯ ದಿನ. ಅಡಿವೆಪ್ಪ ಎರಡು ಚಮಚವನ್ನೂ ತುಂಬಿಯೇ ಹಾಕಿದ. ನಾಲ್ಕನೆಯ ದಿನ ಕಾಶವ್ವ ಬಂದು ಮತ್ತೊಂದು ಬಟ್ಟಲು ಕೇಳಿದಳು.

“ಇವತ್ತ ಕೊಡಂಗಿಲ್ಲವ್ವ,” ಎಂದ ಅಡಿವೆಪ್ಪ. “ಇಬ್ಬರಿಗೆ ಅಳತಿ ಐತಿ.”

“ಅಬ್ಬಾ, ಜಿಪುಣ!”

ಗುರು ತಮ್ಮ ಬಟ್ಟಲನ್ನು ಅವಳ ಮುಂದೆ ಸರಿಸಿದರು. ಅವಳು ಒಂದು ಗುಟುಕು ಕುಡಿದಳು, ಆಮೇಲೆ ಬಟ್ಟಲನ್ನೇ ಬರಿದು ಮಾಡಿದಳು.

“ಇದು ಬ್ಯಾರೆ ಐತಲ್ಲೋ,” ಎಂದಳು. “ಹೋದ ಸಲ ಹಿಂಗ ಇರಲಿಲ್ಲ.”

 ಅವಳು ಹೋದ ಮೇಲೆ ಅಡಿವೆಪ್ಪ ತನ್ನ ಬಟ್ಟಲಿನಲ್ಲಿದ್ದುದನ್ನು ಗುರುಗಳ ಬಟ್ಟಲಿಗೆ ಅರ್ಧ ಬಗ್ಗಿಸಿದ. ಗುರು ಬೇಡ ಅನ್ನಲಿಲ್ಲ.

ಆರನೆಯ ದಿನ ಭರಣಿಯ ತಳ ಕಂಡಿತು.

ಗೋಡೆಗೆ ಅಲ್ಲಲ್ಲಿ ಮಿಸೊ ಅಂಟಿತ್ತು. ಒಂದು ಲೋಟ ಬಿಸಿನೀರು ಹಾಕಿ ಕುಲುಕಿದರೆ ಇನ್ನೊಂದು ದಿನಕ್ಕೆ ಆಗುತ್ತಿತ್ತು. ಖಾನಾವಳಿಯಲ್ಲಿ ಯಾವ ಪಾತ್ರೆಯನ್ನೂ ಹಾಗೆ ಕುಲುಕದೆ ಬಿಟ್ಟವನಲ್ಲ ಅವನು. ಲೋಟ ಕೈಗೆತ್ತಿಕೊಂಡ. ನೀರು ಹೊಗೆಯಾಡುತ್ತಿತ್ತು.

ಗುರು ಹೊರಗೆ ಬೇವಿನ ಕೆಳಗೆ ಒಂದು ಚೀಲ ಕಟ್ಟುತ್ತಿದ್ದರು. ಇತ್ತ ನೋಡುತ್ತಿರಲಿಲ್ಲ.

ಅಡಿವೆಪ್ಪ ಲೋಟದ ನೀರನ್ನು ಒಲೆಗೆ ಚೆಲ್ಲಿದ. ಭರಣಿಯನ್ನು ಹೊರಗೆ ಒಯ್ದು ಬಿಸಿಲಿನಲ್ಲಿ ಬೋರಲು ಇಟ್ಟ. ಇರುವೆಗಳು ಬಂದವು.

ಕೊನೆಯ ಸಾರನ್ನು ಇಬ್ಬರೂ ಕುಡಿದರು. ಗುರು ಸುರ್ ಎಂದರು. ಅಡಿವೆಪ್ಪ ಎನ್ನಲಿಲ್ಲ. ಅವರದನ್ನೇ ಕೇಳುತ್ತ ಕೂತ.

ಮರುದಿನ ಮೋಡವಿತ್ತು, ಮಳೆ ಇರಲಿಲ್ಲ. ಅಡಿವೆಪ್ಪ ಚೀಲ ಹೊತ್ತು ಟಾರು ರಸ್ತೆಯ ತನಕ ಬಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಮೈಲಿಗಲ್ಲಿನ ಬಳಿ ನಿಂತರು.

“ನಾ ಬರೋಕಿಂತ ಮೊದಲ ನೀವೂ ಒಬ್ಬರ ಇದ್ರೇನ್ರಿ?” ಅಡಿವೆಪ್ಪ ಕೇಳಿದ.

“ಮೂವತ್ತೇಳು ವರ್ಷ.”

“ಹೆಂಗ್ ಇದ್ರಿ?”

“ಚೆನ್ನಾಗಿರಲಿಲ್ಲ.”

ಅಡಿವೆಪ್ಪ ನಗಬೇಕೆಂದುಕೊಂಡ. ನಗು ಬರಲಿಲ್ಲ.

ದೂರದಲ್ಲಿ ಧೂಳು ಎದ್ದಿತು. ಹುಬ್ಬಳ್ಳಿ ಬಸ್ಸು. ಗುರು ಚೀಲವನ್ನು ಅವನ ಹೆಗಲಿನಿಂದ ಇಳಿಸಿಕೊಂಡರು.

“ಅಜ್ಜಾರ.”

“ಏನು?”

“ನಾಳೆ ಮುಂಜಾನಿ ಎದ್ದು ನಾ ಏನ್ ಮಾಡ್ಲಿ?”

ಬಸ್ಸು ಬಂದು ನಿಂತಿತು. ಗುರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ತಿರುಗಿ ನೋಡಿದರು.

“ಹಸಿವಾಗುವ ತನಕ ಏನೂ ಮಾಡಬೇಡ.”